ಹುಬ್ಬಳ್ಳಿಯಿಂದ ಕಾರವಾರದ ಯುದ್ಧನೌಕೆಗೆ: ಹೋಗುವ ದಾರಿ, ನೋಡುವ ಬಗೆ

ಕಾರವಾರದ ಕಡಲದಂಡೆಯಲ್ಲಿ ಐಎನ್‌ಎಸ್ ಚಪಲ್ ಎಂಬ ಯುದ್ಧನೌಕೆ ನಿಂತಿರುವ ಸಂಗತಿ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಬಹಳ ಜನರಿಗೆ ಗೊತ್ತು. ಗೋಕರ್ಣ ಮುಗಿಸಿ ಗೋವಾದ ಕಡೆಗೆ ಹೋಗುವಾಗ ಹೆದ್ದಾರಿಯಿಂದಲೇ ಕಂಡಿರುತ್ತದೆ. ಕೆಲವರು ಇಳಿದು ಒಳಗೂ ಹೋಗಿ ಬಂದಿರುತ್ತಾರೆ. ಒಳಗೆ ಏನಿತ್ತು ಎಂದು ಕೇಳಿದರೆ ಮಾತ್ರ ‘ಗೊಂಬೆಗಳಿವೆ, ಸೆಕೆ ಬಹಳ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗುವುದಿಲ್ಲ. ಅವರನ್ನು ದೂರಿ ಫಲವಿಲ್ಲ. ಏನು ನೋಡಬೇಕೆಂದು ತಿಳಿಯದೆ ಹೊಕ್ಕರೆ ಯಾವ ಹಡಗಾದರೂ ಬರಿಯ ಕಬ್ಬಿಣ. ಹತ್ತು ನಿಮಿಷದಲ್ಲಿ ನಾಲ್ಕು ಫೋಟೊ ತೆಗೆದು ಹೊರಬೀಳುವುದು ಸಹಜ.

ಒಂದು ದಿನ ಬಿಡುವು ಮಾಡಿಕೊಂಡು, ಆ ದಿನವನ್ನು ಈ ಹಡಗಿಗೇ ಕೊಡಲು ಮನಸ್ಸಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಾಗೋಡು ಜಲಪಾತ, ಸಾತೊಡ್ಡಿ, ಯಾಣ, ಗೋಕರ್ಣ, ಮುರ್ಡೇಶ್ವರ ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸುವ ಟೂರ್ ಪ್ಯಾಕೇಜಿನವರ ಲೆಕ್ಕ ಬೇರೆ. ಅದರಲ್ಲಿ ಹಡಗಿಗೆ ಸಿಗುವುದು ಚಹಾ ವಿರಾಮದಷ್ಟು ಸಮಯ. ಆ ಲೆಕ್ಕವನ್ನು ಮೊದಲೇ ಕೈಬಿಡಿ.

ಹೊರಡುವ ಮುನ್ನ

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗಿನ ಕಾಲ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಧಾರವಾಡದ ಬಿಸಿಲನ್ನು ಸಹಿಸಿದ ಧೈರ್ಯದ ಮೇಲೆ ಹೊರಡಬೇಡಿ. ನಮ್ಮದು ಒಣ ಬಿಸಿಲು, ನೆರಳಿಗೆ ಸರಿದರೆ ಜೀವ ಹಿಡಿಯುತ್ತದೆ. ಕರಾವಳಿಯಲ್ಲಿ ನೆರಳಿನಲ್ಲಿ ಕುಳಿತರೂ ಬೆವರು ಆರುವುದಿಲ್ಲ, ಉಕ್ಕಿನ ಹಡಗಿನ ಒಳಗಂತೂ ಕೇಳುವುದೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉತ್ತರ ಕನ್ನಡದ ಮಳೆ ನಮ್ಮ ಕಡೆಯ ಮಳೆಯಂತಲ್ಲ. ಘಟ್ಟದ ರಸ್ತೆಯಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದು ಪ್ರತಿ ಮಳೆಗಾಲದ ಸುದ್ದಿ.

ಹೊರಡುವ ಹಿಂದಿನ ದಿನ ಸಂಗ್ರಹಾಲಯ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ಉಪ್ಪುಗಾಳಿಗೆ ಒಡ್ಡಿ ನಿಂತ ಉಕ್ಕಿನ ಹಡಗಿಗೆ ತುಕ್ಕು ಹಿಡಿಯುವುದು ತಪ್ಪದು, ದುರಸ್ತಿಗೆಂದು ಬಾಗಿಲು ಹಾಕುವ ಪ್ರಸಂಗಗಳೂ ತಪ್ಪವು. ಕಾರವಾರದ ಪ್ರವಾಸೋದ್ಯಮ ಇಲಾಖೆಯ ಕಚೇರಿಗೆ ಒಂದು ಫೋನ್ ಮಾಡಿ ವೇಳೆ, ವಾರದ ರಜೆ, ಪ್ರವೇಶ ಶುಲ್ಕ ಮೂರನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಇಂಟರ್‌ನೆಟ್ಟಿನಲ್ಲಿ ಕಾಣುವ ವೇಳಾಪಟ್ಟಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಇನ್ನೊಂದು ಮಾತು: ಪತ್ರಿಕೆಗಳಲ್ಲಿ, ಕಾರವಾರದವರ ಬಾಯಲ್ಲಿ ಇದು ‘ಚಾಪೆಲ್’. ಆಟೊದವರನ್ನು ಕೇಳುವಾಗ, ಮೊಬೈಲ್ ನಕಾಶೆಯಲ್ಲಿ ಹುಡುಕುವಾಗ ಎರಡೂ ಹೆಸರು ಗೊತ್ತಿರಲಿ.

ಸಾಮಾನು ಹೆಚ್ಚು ಬೇಡ. ಚಿಲ್ಲರೆ ಹಣ, ತಲೆಗೊಂದು ಟೋಪಿ, ತಲಾ ಒಂದೊಂದು ದೊಡ್ಡ ಬಾಟಲಿ ನೀರು, ಬೆವರು ಒರೆಸಲು ಟವೆಲ್. ಹಡಗಿನ ಏಣಿಗಳು ಕಡಿದಾಗಿರುವುದರಿಂದ ಕಾಲಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಶೂ ಇರಲಿ. ಸೀರೆಗಿಂತ ಚೂಡಿದಾರ್ ಅನುಕೂಲ. ಇಳಕಲ್ ಸೀರೆ ಉಟ್ಟು ಹಡಗು ಹತ್ತುವ ಹಿರಿಯರು ಇಲ್ಲವೆಂದಲ್ಲ, ಆದರೆ ನೆರಿಗೆ ಎತ್ತಿ ಕಟ್ಟಿಕೊಂಡೇ ಹತ್ತಬೇಕು.

ದಾರಿ

ಹುಬ್ಬಳ್ಳಿಯಿಂದ ಕಾರವಾರ 165 ಕಿಲೋಮೀಟರಿನ ಆಸುಪಾಸು. ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ಸಮೀಪದ ಬಾಳೆಗುಳಿ, ಅಲ್ಲಿಂದ ಬಲಕ್ಕೆ ತಿರುಗಿ ಕರಾವಳಿ ಹೆದ್ದಾರಿ ಹಿಡಿದರೆ ಕಾರವಾರ. ಕಾರಿನಲ್ಲಿ ನಾಲ್ಕು ತಾಸು, ಬಸ್ಸಿನಲ್ಲಿ ಇನ್ನಷ್ಟು ಹಿಡಿಯುತ್ತದೆ ಎಂದೇ ಲೆಕ್ಕ ಹಾಕಿ. ರೈಲಿನ ಆಸೆ ಇಟ್ಟುಕೊಳ್ಳಬೇಡಿ. ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗದ ಬಗ್ಗೆ ನಮ್ಮ ಅಜ್ಜಂದಿರ ಕಾಲದಿಂದ ಮಾತು ನಡೆದಿದೆ, ಹಳಿ ಮಾತ್ರ ಬಂದಿಲ್ಲ. ರೈಲಿನಲ್ಲೇ ಹೋಗುತ್ತೇನೆಂದರೆ ಲೋಂಡಾ, ಮಡಗಾಂವ್ ಸುತ್ತಿ ಕೊಂಕಣ ರೈಲು ಹಿಡಿದು ಬರಬೇಕು. ಬಂದ ಮೇಲೂ ಕಾರವಾರ ನಿಲ್ದಾಣ ಊರಿನಿಂದ ದೂರ, ಶಿರವಾಡದಲ್ಲಿದೆ.

ಬಸ್ಸಿಗೆ ಹೋಗುವವರು ಹಿಂದಿನ ದಿನವೇ ಕಾರವಾರದ ಬಸ್ಸು ಯಾವ ನಿಲ್ದಾಣದಿಂದ ಬಿಡುತ್ತದೆ ಎಂದು ಖಚಿತಪಡಿಸಿಕೊಳ್ಳಿ. ಗೋಕುಲ ರಸ್ತೆ, ಹೊಸೂರು, ಹಳೆ ಬಸ್ ನಿಲ್ದಾಣ ಎಂದು ಹುಬ್ಬಳ್ಳಿಯಲ್ಲಿ ನಿಲ್ದಾಣಗಳು ಹಂಚಿಹೋಗಿವೆ. ಧಾರವಾಡದವರು ಬೆಳಗಿನ ಚಿಗರಿ ಬಸ್ಸು ಹಿಡಿದು ಹುಬ್ಬಳ್ಳಿಗೆ ಬರಬಹುದು. ಗದಗದವರಿಗೆ ಹುಬ್ಬಳ್ಳಿವರೆಗೆ ಸುಮಾರು 60 ಕಿಲೋಮೀಟರ್ ಹೆಚ್ಚು, ಹಿಂದಿನ ರಾತ್ರಿ ಹುಬ್ಬಳ್ಳಿಯ ಬೀಗರ ಮನೆಯಲ್ಲಿ ಉಳಿದರೆ ಎರಡು ಕೆಲಸ ಆಗುತ್ತದೆ. ಹಾವೇರಿಯವರು ಹುಬ್ಬಳ್ಳಿಗೆ ಬರುವ ಅಗತ್ಯವಿಲ್ಲ, ಶಿರಸಿ ಮೇಲೆ ಘಟ್ಟ ಇಳಿದು ಕುಮಟಾ, ಅಂಕೋಲಾ ದಾರಿಯಾಗಿ ಬರಬಹುದು. ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟ ತೆರೆದಿದೆಯೇ ಎಂದು ಮಾತ್ರ ಕೇಳಿಕೊಂಡು ಹೊರಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಹಣ ಇಲ್ಲ. ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಮರೆಯಬೇಡಿ.

ಬೆಳಿಗ್ಗೆ ಐದೂವರೆಗೆ ಹುಬ್ಬಳ್ಳಿ ಬಿಟ್ಟರೆ ಹತ್ತರ ಸುಮಾರಿಗೆ ಕಾರವಾರ. ಯಲ್ಲಾಪುರದಲ್ಲಿ ಇಡ್ಲಿಯ ಆವಿ ಮೂಗಿಗೆ ಬಡಿಯುತ್ತದೆ, ಎರಡಕ್ಕೇ ನಿಲ್ಲಿಸಿ. ಅಲ್ಲಿಂದ ಮುಂದೆ ಅರಬೈಲ್ ಘಟ್ಟದ ತಿರುವುಗಳಿವೆ, ಹೊಟ್ಟೆ ತುಂಬಿದ ಮಕ್ಕಳಿಗೆ ಅವು ಒಗ್ಗುವುದಿಲ್ಲ. ಸ್ವಂತ ವಾಹನದವರು ಘಟ್ಟದಲ್ಲಿ ಲಾರಿಗಳ ಹಿಂದೆ ತಾಳ್ಮೆಯಿಂದ ಇಳಿಯಬೇಕು. ಅಲ್ಲಿ ಉಳಿಸುವ ಐದು ನಿಮಿಷಕ್ಕೆ ಬೆಲೆಯಿಲ್ಲ.

ಅಂಕೋಲಾ ದಾಟಿದ ಮೇಲೆ ರಸ್ತೆಯ ಎಡಕ್ಕೆ ನೌಕಾನೆಲೆಯ ಗೋಡೆ, ತಂತಿಬೇಲಿ ಶುರುವಾಗುತ್ತವೆ. 2005ರ ಮೇ ತಿಂಗಳಲ್ಲಿ ಕಾರ್ಯಾರಂಭ ಮಾಡಿದ ಈ ನೆಲೆಯ ಹೆಸರು ಐಎನ್‌ಎಸ್ ಕದಂಬ. ಹಾವೇರಿಯವರಿಗೆ ನೆರೆಯೂರಾದ ಬನವಾಸಿಯ ಕದಂಬರ ಹೆಸರೇ ಅದು. ಛಾಯಾಚಿತ್ರ ನಿಷೇಧಿಸಿದೆ ಎಂಬ ಫಲಕಗಳನ್ನು ಗಂಭೀರವಾಗಿ ತೆಗೆದುಕೊಳ್ಳಿ. ಬಸ್ಸಿನ ಕಿಟಕಿಯಿಂದ ವಿಡಿಯೊ ಮಾಡುತ್ತ ಕೂರಬೇಡಿ, ಡ್ರೋನ್ ಒಯ್ಯುವ ಯೋಚನೆಯನ್ನಂತೂ ಬಿಟ್ಟೇಬಿಡಿ. ಮುಂದೆ ಬಿಣಗಾ ದಾಟಿ ಸುರಂಗದಿಂದ ಹೊರಬಂದರೆ ಕಾರವಾರ.

ಮನೆಯಲ್ಲೇ ತಿಳಿದಿರಬೇಕಾದದ್ದು

ಚಪಲ್ ದೊಡ್ಡ ಹಡಗಲ್ಲ. ಸಿನಿಮಾದಲ್ಲಿ ಕಂಡ ದೈತ್ಯ ಯುದ್ಧನೌಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಮೊದಲ ನೋಟಕ್ಕೆ ನಿರಾಸೆಯಾಗುತ್ತದೆ. ಉದ್ದ 38.6 ಮೀಟರ್, ಅಗಲ 7.6 ಮೀಟರ್, ಪೂರ್ಣ ಹೊರೆಯೊಂದಿಗೆ ತೂಕ ಸುಮಾರು 245 ಟನ್. ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಇಂಥ ಮೂವತ್ತೊಂಬತ್ತು ಹಡಗುಗಳನ್ನು ಸಾಲಾಗಿ ನಿಲ್ಲಿಸಬಹುದು. ಈ ಚಿಕ್ಕತನವೇ ಅದರ ಬಲ. ಇಷ್ಟು ಪುಟ್ಟ ಹಡಗು ತನಗಿಂತ ಹತ್ತು ಪಟ್ಟು ದೊಡ್ಡದನ್ನು ದೂರದಿಂದಲೇ ಮುಳುಗಿಸಬಲ್ಲದು ಎಂಬ ಸಂಗತಿ ಕಳೆದ ಶತಮಾನದ ಅರವತ್ತರ ದಶಕದಲ್ಲಿ ಜಗತ್ತಿನ ನೌಕಾಪಡೆಗಳ ಲೆಕ್ಕಾಚಾರವನ್ನೇ ತಲೆಕೆಳಗು ಮಾಡಿತು. 1967ರ ಅಕ್ಟೋಬರ್ 21ರಂದು ಈಜಿಪ್ಟಿನ ಸಣ್ಣ ಕ್ಷಿಪಣಿ ದೋಣಿಗಳು ಇಸ್ರೇಲಿನ ‘ಐಲಾತ್’ ಎಂಬ ವಿಧ್ವಂಸಕ ನೌಕೆಯನ್ನು ಮುಳುಗಿಸಿದವು. ಹಡಗಿನಿಂದ ಹಾರಿಸಿದ ಕ್ಷಿಪಣಿಗೆ ಯುದ್ಧನೌಕೆಯೊಂದು ಬಲಿಯಾದದ್ದು ಅದೇ ಮೊದಲು. ಅಲ್ಲಿ ಬಳಸಿದ್ದು ಸೋವಿಯತ್ ನಿರ್ಮಿತ ಪಿ-15 ಕ್ಷಿಪಣಿ. ಚಪಲ್ ಹೊತ್ತದ್ದೂ ಅದೇ ವಂಶದ ಕ್ಷಿಪಣಿಗಳನ್ನು, ನಾಲ್ಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೊಡೆಯಬೇಕು. ‘1971ರ ಯುದ್ಧದಲ್ಲಿ ಕರಾಚಿಯನ್ನು ಸುಟ್ಟ ಹಡಗು ಇದೇ’ ಎಂದು ಮಕ್ಕಳಿಗೆ ಹೇಳುವ ಮಾರ್ಗದರ್ಶಕರೂ ಇದ್ದಾರೆ, ಬರೆಯುವವರೂ ಇದ್ದಾರೆ. ಚಪಲ್ ನೌಕಾಪಡೆಗೆ ಸೇರಿದ್ದು 1976ರ ನವೆಂಬರಿನಲ್ಲಿ, ಯುದ್ಧ ಮುಗಿದು ಐದು ವರ್ಷ ಕಳೆಯುವ ಹೊತ್ತಿಗೆ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಎರಗಿದ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್, ವೀರ್. ಅವುಗಳ ಜೊತೆ ಕಿಲ್ತಾನ್, ಕಚಾಲ್ ಎಂಬ ನೌಕೆಗಳಿದ್ದವು. ಪಾಕಿಸ್ತಾನದ ಖೈಬರ್ ಮತ್ತು ಮುಹಾಫಿಜ್ ಮುಳುಗಿದವು. ಆ ಕಾರ್ಯಾಚರಣೆಯ ಹೆಸರು ಟ್ರೈಡೆಂಟ್, ಡಿಸೆಂಬರ್ 4 ನೌಕಾಪಡೆ ದಿನವಾದದ್ದು ಅದರಿಂದಲೇ. ನಾಲ್ಕು ದಿನಗಳ ನಂತರ ವಿನಾಶ್ ಎಂಬ ಒಂಟಿ ಕ್ಷಿಪಣಿ ದೋಣಿ, ಎರಡು ದೊಡ್ಡ ಯುದ್ಧನೌಕೆಗಳ ಬೆಂಗಾವಲಿನಲ್ಲಿ ಹೋಗಿ ಕರಾಚಿಯ ಕೇಮಾರಿ ತೈಲಾಗಾರಕ್ಕೆ ಬೆಂಕಿ ಹಚ್ಚಿತು. ಮೂಲತಃ ತಮ್ಮ ತೀರ ಕಾಯಲೆಂದು ಮಾಡಿದ ದೋಣಿಗಳನ್ನು ಶತ್ರುವಿನ ಬಾಗಿಲಿಗೇ ಒಯ್ದದ್ದು ಆ ಯೋಜನೆಯ ಎದೆಗಾರಿಕೆ.

ಹಾಗಾದರೆ ಚಪಲ್ ನೋಡಿ ಏನು ಪ್ರಯೋಜನ ಎಂದರೆ, ಅದು ಆ ದೋಣಿಗಳ ನೇರ ತಮ್ಮ. 1971ರವು ಸೋವಿಯತ್‌ನ ‘ಒಸಾ’ ಮಾದರಿಯ ಮೊದಲ ಆವೃತ್ತಿ, ಇದು ಎರಡನೆಯದು. ನಮ್ಮ ನೌಕಾಪಡೆಯಲ್ಲಿ ಇದನ್ನು ‘ಚಮಕ್’ ವರ್ಗ ಎಂದು ಕರೆದರು. ಸುಮಾರು 29 ವರ್ಷ ಸೇವೆ ಮಾಡಿ 2005ರಲ್ಲಿ ನಿವೃತ್ತಿಯಾಯಿತು. 2006ರ ನವೆಂಬರಿನಿಂದ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಸಂಗ್ರಹಾಲಯವಾಗಿ ನಿಂತಿದೆ. ಸುಳ್ಳು ಯುದ್ಧಕಥೆಯನ್ನು ಅದಕ್ಕೆ ಅಂಟಿಸುವ ಅಗತ್ಯವಿಲ್ಲ, ಇರುವ ಕಥೆಯೇ ಸಾಕಷ್ಟಿದೆ.

ಮೊದಲು ಹೊರಗೆ ಒಂದು ಸುತ್ತು

ಬಸ್ ನಿಲ್ದಾಣದಿಂದ ಕಡಲತೀರ ನಡೆದು ಹೋಗುವಷ್ಟೇ ದೂರ. ಟಿಕೆಟ್ ಕೊಂಡ ಕೂಡಲೇ ಮೆಟ್ಟಿಲು ಹತ್ತಬೇಡಿ. ಹಡಗು ನೀರಿನಲ್ಲಿದ್ದರೆ ಕಾಣದ ಅರ್ಧ ಭಾಗ ಇಲ್ಲಿ ನೆಲದ ಮೇಲೆ ನಿಮ್ಮ ಕಣ್ಣೆದುರಿಗಿದೆ. ಸುತ್ತಲೂ ನಡೆಯಲು ಎಷ್ಟು ಜಾಗ ಬಿಟ್ಟಿದ್ದಾರೋ ಅಷ್ಟು ನಡೆಯಿರಿ. ಮೂತಿಯ ಬಳಿ ನಿಂತು ಹಡಗಿನ ತಳದ ಗೆರೆಯನ್ನು ಹಿಂದಕ್ಕೆ ನೋಡುತ್ತ ಹೋಗಿ. ಮುಂದೆ ಚೂಪಾಗಿ ನೀರನ್ನು ಸೀಳುವ ಆಕಾರ ಹಿಂದಕ್ಕೆ ಬಂದಂತೆ ಚಪ್ಪಟೆಯಾಗುತ್ತದೆ. ವೇಗ ಹೆಚ್ಚಿದಂತೆ ಹಡಗು ನೀರಿನಿಂದ ಅಷ್ಟಷ್ಟೇ ಮೇಲೆದ್ದು ಅಲೆಯ ಮೇಲೆ ಜಾರುತ್ತ ಓಡಲಿ ಎಂದು ಮಾಡಿದ ರೂಪ ಅದು.

ಆ ಓಟಕ್ಕೆ ಮೂರು ಡೀಸೆಲ್ ಎಂಜಿನ್, ಮೂರು ಶಾಫ್ಟ್. ಒಂದೊಂದು ಎಂಜಿನ್ನಿನ ಶಕ್ತಿ ಸುಮಾರು 5,000 ಅಶ್ವಶಕ್ತಿ. ನಮ್ಮ ಟ್ರ್ಯಾಕ್ಟರಿನ ಎಂಜಿನ್ನಿನಲ್ಲಿ ಮೂರೋ ನಾಲ್ಕೋ ಸಿಲಿಂಡರ್ ಇರುತ್ತವೆ. ಇದರ ಒಂದೊಂದು ಎಂಜಿನ್ನಿನಲ್ಲಿ ನಕ್ಷತ್ರದ ಕೋಡುಗಳಂತೆ ಸುತ್ತ ಹರಡಿಕೊಂಡ 56 ಸಿಲಿಂಡರುಗಳು. ಈ ಬಲಕ್ಕೆ ಹಡಗು ಗಂಟೆಗೆ 65 ಕಿಲೋಮೀಟರಿಗೂ ಮಿಗಿಲಾದ ವೇಗ ಮುಟ್ಟುತ್ತಿತ್ತು. ರಸ್ತೆಯ ಮೇಲೆ ಅದೇನು ಮಹಾ ಎನ್ನಿಸಬಹುದು. ಸಮುದ್ರದಲ್ಲಿ ಅದು ಬಹಳ. ಅದಕ್ಕೆ ತೆರಬೇಕಾದ ಬೆಲೆಯೂ ಇತ್ತು: ಆ ವೇಗದಲ್ಲಿ ಓಡಿದರೆ ಇಂಧನ ಸುಮಾರು 900 ಕಿಲೋಮೀಟರಿಗೆ ಮುಗಿಯುತ್ತಿತ್ತು.

ತುಕ್ಕನ್ನೂ ಗಮನಿಸಿ. ಹೆಚ್ಚಿನವರು ‘ನಿರ್ವಹಣೆ ಸರಿಯಿಲ್ಲ’ ಎಂದು ಮೂಗು ಮುರಿದು ಮುಂದೆ ಹೋಗುತ್ತಾರೆ. ನಿರ್ವಹಣೆಯ ಬಗ್ಗೆ ದೂರುವುದಕ್ಕೆ ಕಾರಣಗಳು ಇರಬಹುದು, ಆದರೆ ತುಕ್ಕು ಎಲ್ಲಿ ಹೇಗೆ ಹಿಡಿಯುತ್ತದೆ ಎಂಬುದರಲ್ಲೇ ಹಡಗು ಕಟ್ಟಿದ ಬಗೆ ಓದಬಹುದು. ತಳಭಾಗವೆಲ್ಲ ಉಕ್ಕು. ಮೇಲ್ಭಾರ ಕಡಿಮೆಯಾಗಲಿ ಎಂದು ಡೆಕ್ಕಿನ ಮೇಲಿನ ಕಟ್ಟಡದಲ್ಲಿ ಹಗುರ ಅಲ್ಯೂಮಿನಿಯಂ ಮಿಶ್ರಲೋಹವನ್ನೂ ಬಳಸಿದ್ದಾರೆ. ಅಲ್ಯೂಮಿನಿಯಂಗೆ ಕೆಂಪು ತುಕ್ಕು ಬರುವುದಿಲ್ಲ, ಬಿಳಿಯ ಪುಡಿ ಏಳುತ್ತದೆ. ಎರಡು ಲೋಹ ಕೂಡುವ ಕಡೆ ಉಪ್ಪುನೀರು ಸೇರಿದರೆ ಸವೆತ ಇನ್ನೂ ಬೇಗ.

ಆ ದುಂಡು ಕೊಳವೆಗಳು

ಇನ್ನು ಮೇಲಕ್ಕೆ. ಡೆಕ್ಕಿನ ಎರಡೂ ಮಗ್ಗುಲಲ್ಲಿ ಎರಡೆರಡರಂತೆ ನಾಲ್ಕು ದೊಡ್ಡ ದುಂಡನೆಯ ಕೊಳವೆಗಳಿವೆ. ನೀರಿನ ಟಾಕಿ ಎಂದುಕೊಂಡು ಒರಗಿ ಫೋಟೊ ತೆಗೆಸಿಕೊಳ್ಳುವವರನ್ನು ನೋಡುವಿರಿ. ಅವೇ ಕ್ಷಿಪಣಿಯ ಉಡಾವಣಾ ಕೊಳವೆಗಳು, ಇಡೀ ಹಡಗು ಇರುವುದೇ ಅವನ್ನು ಹೊರಲು. ಇಲ್ಲಿ ಕನಿಷ್ಠ ಕಾಲು ಗಂಟೆ ನಿಲ್ಲಿ.

ಕ್ಷಿಪಣಿಯ ಉದ್ದ ಸುಮಾರು 5.8 ಮೀಟರ್, ತೂಕ ಎರಡು ಟನ್ನಿಗೂ ಹೆಚ್ಚು, ಮೂಗಿನ ಹಿಂದೆ ಸುಮಾರು 450 ಕಿಲೋ ಸ್ಫೋಟಕದ ಸಿಡಿತಲೆ. ಆಕಾರದಲ್ಲಿ ಅದೊಂದು ಪುಟ್ಟ ವಿಮಾನ, ಎರಡು ಪಕ್ಕಕ್ಕೂ ರೆಕ್ಕೆಗಳಿವೆ. 1971ರ ದೋಣಿಗಳಲ್ಲಿದ್ದ ಕ್ಷಿಪಣಿಯ ರೆಕ್ಕೆಗಳು ಮಡಚುತ್ತಿರಲಿಲ್ಲ. ಚಾಚಿದ ರೆಕ್ಕೆಯ ಸಮೇತ ಕ್ಷಿಪಣಿ ಹಿಡಿಸಬೇಕಾದ್ದರಿಂದ ಆ ಹಡಗುಗಳ ಮೇಲೆ ಗ್ಯಾರೇಜಿನಂಥ ಚೌಕಟ್ಟಿನ ದೊಡ್ಡ ಪೆಟ್ಟಿಗೆಗಳಿದ್ದವು. ಮುಂದಿನ ಆವೃತ್ತಿಯ ಕ್ಷಿಪಣಿಗೆ ರೆಕ್ಕೆ ಮಡಚಿಕೊಳ್ಳುವ ಏರ್ಪಾಡು ಬಂತು. ಹಾಗಾಗಿ ಚಪಲ್‌ನಲ್ಲಿ ಪೆಟ್ಟಿಗೆ ಹೋಗಿ ದುಂಡು ಕೊಳವೆ ಬಂದಿದೆ. ಕರಾಚಿ ದಾಳಿಯ ಹಳೆಯ ಚಿತ್ರವೊಂದನ್ನು ಮೊಬೈಲಿನಲ್ಲಿಟ್ಟುಕೊಂಡು ಹೋದರೆ ಎರಡನ್ನೂ ಅಲ್ಲೇ ಹೋಲಿಸಿ ನೋಡಬಹುದು. ಇದು ಕರಾಚಿಗೆ ಹೋದ ಹಡಗಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ.

ಹಿಂದಿನ ಜೋಡಿ ಕೊಳವೆ ಮುಂದಿನ ಜೋಡಿಗಿಂತ ಎತ್ತರಕ್ಕೆ ಬಾಯಿ ಮಾಡಿರುವುದನ್ನೂ ನೋಡಿ. ಹಿಂದಿನಿಂದ ಹೊರಟ ಕ್ಷಿಪಣಿ ಮುಂದಿನ ಕೊಳವೆಯ ತಲೆಯ ಮೇಲಿಂದ ಹಾದು ಹೋಗಬೇಕಲ್ಲ. ಹೊರಡುವಾಗ ಹೊಟ್ಟೆಯ ಕೆಳಗಿನ ಒಂದು ರಾಕೆಟ್ ಉರಿದು ಕ್ಷಿಪಣಿಯನ್ನು ತಳ್ಳುತ್ತದೆ, ಕೆಲಸ ಮುಗಿದ ಮೇಲೆ ಕಳಚಿ ಸಮುದ್ರಕ್ಕೆ ಬೀಳುತ್ತದೆ. ಆಮೇಲೆ ದ್ರವ ಇಂಧನದ ಎಂಜಿನ್ನಿನ ಸರದಿ. ಗುರಿಯ ಸಮೀಪಕ್ಕೆ ಬಂದಾಗ ಕ್ಷಿಪಣಿ ತನ್ನ ಮೂಗಿನ ರಾಡಾರನ್ನು ಹೊತ್ತಿಸಿಕೊಂಡು ಹಡಗನ್ನು ತಾನೇ ಹುಡುಕುತ್ತದೆ. ಆ ಇಂಧನದ ಜೊತೆಗಿನ ಆಮ್ಲ ಚರ್ಮಕ್ಕೂ ಉಸಿರಿಗೂ ಅಪಾಯಕಾರಿಯಾದ್ದರಿಂದ ತುಂಬುವವರು ಮೈತುಂಬ ರಕ್ಷಣಾ ಉಡುಪು ತೊಟ್ಟಿರಬೇಕಿತ್ತು. ಯುದ್ಧವಿಲ್ಲದ ದಿನವೂ ಈ ಕೆಲಸದಲ್ಲಿ ಜೀವಭಯ ಇತ್ತು.

ಮುಂದೊಂದು ಹಿಂದೊಂದು ಗುಮ್ಮಟದಂಥ ಫಿರಂಗಿ ಇದೆ, ತಲಾ ಎರಡು 30 ಮಿಲಿಮೀಟರ್ ನಳಿಗೆ. ಮಕ್ಕಳು ಕೂಡಲೇ ‘ಗುಂಡು ಹೊಡೆಯುವವನು ಎಲ್ಲಿ ಕೂರುತ್ತಾನೆ?’ ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಗುಮ್ಮಟದೊಳಗೆ ಯಾರೂ ಕೂರುವುದಿಲ್ಲ. ಕಂಬದ ಮೇಲಿನ ರಾಡಾರು ಗುರಿ ಹಿಡಿಯುತ್ತದೆ, ಡೆಕ್ಕಿನ ಕೆಳಗಿರುವವನು ದೂರದಿಂದಲೇ ನಡೆಸುತ್ತಾನೆ. ಕ್ಷಿಪಣಿ ಹೊಡೆಯಲು, ಫಿರಂಗಿ ತನ್ನನ್ನು ಕಾಯಲು. ಶತ್ರು ವಿಮಾನ ಬಂದರೆ ಈ ಹಡಗಿಗಿದ್ದ ಮುಖ್ಯ ಆಸರೆ ಇದು.

ಒಳಗೆ

ಹೊಸ್ತಿಲು ದಾಟುವಾಗ ಕಾಲು ಎತ್ತಿ ಇಡಿ, ತಲೆ ಬಗ್ಗಿಸಿ. ಹಡಗಿನ ಬಾಗಿಲು ನೆಲದಿಂದ ಒಂದಿಷ್ಟು ಮೇಲೆ ಶುರುವಾಗುತ್ತದೆ, ಒಂದು ಕೋಣೆಗೆ ನುಗ್ಗಿದ ನೀರು ಮುಂದಿನದಕ್ಕೆ ಹರಿಯದಿರಲೆಂದು. ಬಾಗಿಲ ಅಂಚಿನ ರಬ್ಬರ್ ಪಟ್ಟಿಯನ್ನೂ ಸುತ್ತಲಿನ ಹಿಡಿಕೆಗಳನ್ನೂ ನೋಡಿ. ಹಿಡಿಕೆ ತಿರುಗಿಸಿದರೆ ಬಾಗಿಲು ರಬ್ಬರಿಗೆ ಒತ್ತಿ ಕೂರುತ್ತದೆ. ಹಡಗಿನಲ್ಲಿ ಬಾಗಿಲು ಹಾಕುವುದೆಂದರೆ ಕದ ಮುಚ್ಚಿದಷ್ಟೇ ಆಗಲಿಲ್ಲ, ಹಿಡಿಕೆಗಳೆಲ್ಲ ಬಿಗಿಯಾಗಬೇಕು.

ಏಣಿ ಇಳಿಯುವಾಗ ಮುಖ ಏಣಿಯ ಕಡೆಗಿರಲಿ, ಎರಡೂ ಕೈ ಖಾಲಿ ಇರಲಿ, ಮೊಬೈಲ್ ಜೇಬಿನಲ್ಲಿರಲಿ. ಮಂಡಿನೋವಿನವರು, ಇಕ್ಕಟ್ಟಿನಲ್ಲಿ ಉಸಿರುಗಟ್ಟುವವರು ಡೆಕ್ಕಿನ ಮೇಲೇ ಉಳಿಯುವುದು ಜಾಣತನ. ಮುಖ್ಯವಾದದ್ದೆಲ್ಲ ಮೇಲೆಯೇ ಇದೆ.

ಒಳಗಿನ ಗೊಂಬೆಗಳಿಗೆ ಹೆಚ್ಚು ಹೊತ್ತು ಕೊಡಬೇಡಿ. ಅವುಗಳ ಸುತ್ತಲಿನ ಜಾಗವನ್ನು ನೋಡಿ. ಸುಮಾರು ಮೂವತ್ತು ಜನ ಇಲ್ಲಿ ಉಂಡು, ಮಲಗಿ, ದುಡಿಯುತ್ತಿದ್ದರು. ಪೈಪು, ತಂತಿಗಳು ಓಡಿದ ಮೇಲೆ ಉಳಿದ ಜಾಗ ಮನುಷ್ಯರಿಗೆ. ಇದರ ಜೊತೆಗೆ ಮೂರು ಎಂಜಿನ್ನುಗಳ ಗದ್ದಲ, ಡೀಸೆಲ್ ವಾಸನೆ, ಅಲೆಯ ಏಟಿಗೆ ಒಂದೇ ಸಮನೆ ಕುಲುಕಾಟವನ್ನು ಕೂಡಿಸಿಕೊಂಡು ಕಲ್ಪಿಸಿಕೊಳ್ಳಿ. ನಿಂತ ಹಡಗಿನ ಸೆಕೆಗೇ ನಾವು ಬೇಸತ್ತು ಹೊರಗೆ ಬರುತ್ತೇವೆ.

ಪಕ್ಕದ ವಿಮಾನ

ಹಡಗಿನ ಸಮೀಪದಲ್ಲೇ ಈಗ ನೌಕಾಪಡೆಯ ಟುಪೊಲೆವ್-142 ವಿಮಾನವನ್ನೂ ತಂದು ನಿಲ್ಲಿಸಿದ್ದಾರೆ. 1988ರಲ್ಲಿ ಸೇವೆಗೆ ಸೇರಿ 2017ರ ಮಾರ್ಚ್‌ನಲ್ಲಿ ತಮಿಳುನಾಡಿನ ಅರಕ್ಕೋಣಂ ನೆಲೆಯಲ್ಲಿ ನಿವೃತ್ತಿಯಾದ ಪಡೆಯದು. ಬಿಡಿಭಾಗಗಳಾಗಿ ರಸ್ತೆಯ ಮೇಲೆ ತಂದು ಇಲ್ಲಿ ಜೋಡಿಸಿದರು. ಉದ್ದ 53 ಮೀಟರ್, ಅಂದರೆ ಹಡಗಿಗಿಂತ ವಿಮಾನವೇ ಉದ್ದ! ಜಲಾಂತರ್ಗಾಮಿಗಳನ್ನು ಹುಡುಕುತ್ತ ತಾಸುಗಟ್ಟಲೆ ಸಮುದ್ರದ ಮೇಲೆ ಹಾರುವುದು ಇದರ ಕೆಲಸವಾಗಿತ್ತು. ಒಂದೊಂದು ಎಂಜಿನ್ನಿಗೂ ಹಿಂದೆ ಮುಂದೆ ಎರಡೆರಡು ಪಂಖಗಳಿರುವುದನ್ನು ಗಮನಿಸಿ, ಅವು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಮೊದಲು ಹಡಗು, ಆಮೇಲೆ ವಿಮಾನ. ವಿಮಾನ ನೋಡಿದ ಕಣ್ಣಿಗೆ ಹಡಗು ಇನ್ನೂ ಚಿಕ್ಕದಾಗುತ್ತದೆ.

ಊಟ, ಸಮುದ್ರ

ಮೀನು ತಿನ್ನುವವರಿಗೆ ಕಾರವಾರದಲ್ಲಿ ಉಪದೇಶ ಬೇಡ. ಬಂಗಡೆ, ಇಸ್ವಾಣದ ಊಟ ಕೇಳಿ, ಕೊನೆಗೆ ಸೋಲಕಡಿ ಕುಡಿಯಿರಿ, ಸೆಕೆಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ತಿನ್ನದವರಿಗೂ ಉಡುಪಿ ಶೈಲಿಯ ಹೋಟೆಲುಗಳಿವೆ. ನಮ್ಮ ಕಡೆಯವರ ಬುತ್ತಿಯನ್ನು ಮೀರಿಸುವ ಊಟ ಪ್ರವಾಸದಲ್ಲಿ ಇಲ್ಲ ಎಂಬುದು ನನ್ನ ಹಟ: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಬದನೆ. ಮೊಸರನ್ನ ಮಾತ್ರ ಕರಾವಳಿಯ ಸೆಕೆಗೆ ಬೇಗ ಹುಳಿ ಬರುತ್ತದೆ, ಬೇಡ. ಬುತ್ತಿಯನ್ನು ಬಿಚ್ಚುವುದು ತೀರದ ಮರಗಳ ನೆರಳಿನಲ್ಲಿ, ಎಲೆ ಹಾಗೂ ಪ್ಲಾಸ್ಟಿಕ್ಕನ್ನು ಚೀಲಕ್ಕೆ ಹಾಕಿಕೊಂಡು ಬರಬೇಕು.

ಮಧ್ಯಾಹ್ನ ಮೂರರಿಂದ ಐದರವರೆಗೆ ತೀರದಲ್ಲಿ ಕೂರಬಹುದು. ಈ ತೀರಕ್ಕೆ ಟ್ಯಾಗೋರರ ಹೆಸರು ಬಂದದ್ದಕ್ಕೆ ಕಾರಣವಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಇಪ್ಪತ್ತೆರಡರ ಹರೆಯದ ಕವಿ ಬಂದು ಉಳಿದಿದ್ದರು.

ನೀರಿನ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಕೆರೆ, ಹೊಳೆಯಲ್ಲಿ ಈಜಿದವರಿಗೆ ಕಡಲಿನ ಸೆಳೆತ ಗೊತ್ತಿರುವುದಿಲ್ಲ. 2024ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಲುಕಿ ಸತ್ತರು. ಪಾದ ನೆನೆಯುವಷ್ಟು ನೀರು ಸಾಕು. ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡದೆ ಹಿಂದೆ ಬನ್ನಿ.

ಶಾಲೆಯ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರಿಗೆ

ಐವತ್ತು ಮಕ್ಕಳನ್ನು ಒಟ್ಟಿಗೇ ಹಡಗಿಗೆ ನುಗ್ಗಿಸಬೇಡಿ. ಹತ್ತತ್ತು ಮಕ್ಕಳ ಗುಂಪು ಮಾಡಿ, ಒಂದು ಗುಂಪು ಒಳಗೆ ಹೋದಾಗ ಉಳಿದವರಿಗೆ ವಿಮಾನದ ಬಳಿ ಅಥವಾ ಹಡಗಿನ ಸುತ್ತ ಕೆಲಸ ಕೊಡಿ. ಹೋಗುವ ಮೊದಲೇ ತರಗತಿಯಲ್ಲಿ ನಾಲ್ಕೈದು ಪ್ರಶ್ನೆ ಬರೆಸಿ: ಕೊಳವೆ ಏಕೆ ದುಂಡಗಿದೆ, ಹೊಸ್ತಿಲು ಏಕೆ ಎತ್ತರ, ಹಿಂದಿನ ಕೊಳವೆ ಏಕೆ ಮೇಲಕ್ಕಿದೆ, ಕೆಂಪು ತುಕ್ಕು ಎಲ್ಲಿದೆ ಎಲ್ಲಿಲ್ಲ. ಉತ್ತರವನ್ನು ಅವರೇ ಹುಡುಕಲಿ, ನೀವು ಸುಮ್ಮನಿರಿ. ಎಂಟನೆಯ ತರಗತಿಯ ಮೇಲಿನವರಿಗೆ ಹಡಗಿನ ಉದ್ದವನ್ನು ಹೆಜ್ಜೆಯಿಂದ ಅಳೆಸಿ 38.6 ಮೀಟರಿಗೆ ಎಷ್ಟು ಹತ್ತಿರ ಬಂದರು ಎಂದು ನೋಡುವುದು ಒಳ್ಳೆಯ ಆಟ.

ಕೆಲವು ವರ್ಷ ಡಿಸೆಂಬರ್ 4ರ ಸುಮಾರಿಗೆ ಕಾರವಾರದ ನೌಕಾನೆಲೆಯವರು ಸೇವೆಯಲ್ಲಿರುವ ಹಡಗನ್ನೇ ಸಾರ್ವಜನಿಕರಿಗೆ, ವಿದ್ಯಾರ್ಥಿಗಳಿಗೆ ತೋರಿಸುವುದುಂಟು. ಪ್ರಕಟಣೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಬರುತ್ತದೆ, ಗುರುತಿನ ಚೀಟಿ ಕಡ್ಡಾಯ. ಸಾಧ್ಯವಾದರೆ ಪ್ರವಾಸವನ್ನು ಆ ದಿನಕ್ಕೆ ಹೊಂದಿಸಿಕೊಳ್ಳಿ. ಬೆಳಿಗ್ಗೆ ಚಪಲ್ ನೋಡಿ ಮಧ್ಯಾಹ್ನ ಇಂದಿನ ಯುದ್ಧನೌಕೆಯ ಡೆಕ್ ಹತ್ತಿದ ಮಕ್ಕಳಿಗೆ ಆಮೇಲೆ ಪಾಠ ಮಾಡುವ ಶ್ರಮ ಉಳಿಯುತ್ತದೆ.

ಮರಳುವುದು

ಕಾರವಾರಕ್ಕೆ ಇಳಿದ ಕೂಡಲೇ ಬಸ್ ನಿಲ್ದಾಣದ ವಿಚಾರಣಾ ಕೌಂಟರಿನಲ್ಲಿ ಹುಬ್ಬಳ್ಳಿಯ ಸಂಜೆಯ ಬಸ್ಸುಗಳ ವೇಳೆ ಕೇಳಿಟ್ಟುಕೊಳ್ಳಿ. ಕೊನೆಯದನ್ನು ನಂಬಿ ಕೂರದೆ ಅದರ ಹಿಂದಿನದನ್ನು ಹಿಡಿಯಿರಿ. ಭಾನುವಾರ ಸಂಜೆ ಅಂಕೋಲಾ, ಯಲ್ಲಾಪುರದಿಂದ ಹತ್ತುವವರೂ ಸೇರಿ ನಿಲ್ಲಲೂ ಜಾಗವಿರುವುದಿಲ್ಲ, ಆದ್ದರಿಂದ ಕಾರವಾರದಲ್ಲೇ ಸೀಟು ಹಿಡಿದಿರಬೇಕು. ಸ್ವಂತ ವಾಹನದವರು ಐದಕ್ಕೆ ಹೊರಟರೆ ಅರಬೈಲ್ ಘಟ್ಟವನ್ನು ಪೂರ್ತಿ ಕತ್ತಲಾಗುವ ಮೊದಲು ಏರಬಹುದು. ದಾಂಡೇಲಿ ನೋಡಿದ ಹಾಗಾಗುತ್ತದೆಂದು ಕದ್ರಾ, ಅಣಶಿ, ಜೊಯಿಡಾ ದಾರಿ ಹಿಡಿಯುವ ಆಲೋಚನೆ ಕೆಲವರಿಗೆ ಬರುತ್ತದೆ. ದಾರಿ ಚೆಂದವೇ, ಆದರೆ ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು, ರಸ್ತೆ ಇಕ್ಕಟ್ಟು, ಮೊಬೈಲ್ ಸಿಗ್ನಲ್ಲಿನ ಭರವಸೆಯಿಲ್ಲ. ಆ ದಾರಿಯನ್ನು ಹಗಲಿನ ಇನ್ನೊಂದು ಪ್ರವಾಸಕ್ಕೆ ಇಟ್ಟುಕೊಂಡು, ಬಂದ ದಾರಿಯಲ್ಲೇ ಯಲ್ಲಾಪುರದ ಮೇಲೆ ಮರಳಿ. ಬೆಳಿಗ್ಗೆ ಬಿಟ್ಟ ಇಡ್ಲಿ ರಾತ್ರಿ ಸಿಗುವುದಿಲ್ಲ, ಚಹಾ ಸಿಗುತ್ತದೆ.